ಗೌಸೋದ್ದೀನನ ಹೊಟ್ಟೆಯ ಕಲಾಯಿ

ಬೀದರ ಜಿಲ್ಲೆಯನ್ನು ಮೈಸೂರು ರಾಜ್ಯಕ್ಕೆ ಸೇರಿಸಿದ್ದು ನಾವು ಕನ್ನಡದವರು ಎಂಬ ಕಾರಣಕ್ಕೆ. ಸೇರಿಸಿದ ಮರುವರ್ಷ ಔರಾದದ ನಮ್ಮ ದವಾಖಾನೆಗೆ ಮೈಸೂರಿನಿಂದ ಒಬ್ಬ ಡಾಕ್ಟರು ಬಂದರು. ಅವರೂ ಕನ್ನಡದವರೇ. ಅವರು ಕುರ್ಚಿಯಲ್ಲಿ ಕೂತು ಅರ್ಧ ಗಂಟೆ ಆಗುವಷ್ಟರಲ್ಲಿ ಊರಿಗೆಲ್ಲ ಗೊತ್ತಾಯಿತು: ಅವರ ಕನ್ನಡ ನಮಗೆ ತಿಳಿಯುವುದಿಲ್ಲ, ನಮ್ಮ ಕನ್ನಡ ಅವರಿಗೆ ತಿಳಿಯುವುದಿಲ್ಲ.

ಮೊದಲು ಬಂದವಳು ಎಕಂಬಾದ ಮುದುಕಿ. "ಹೊಟ್ಟಿ ಕಡೀಲಿಕ್ಕತ್ತದ್ರಿ" ಅಂದಳು. ಡಾಕ್ಟರು ಗಾಬರಿಯಿಂದ ಎದ್ದು ನಿಂತು, "ಏನು ಕಡೀತು? ಹಾವಾ?" ಅಂದರು. ಹಾವು ಎಂಬ ಮಾತು ಮಾತ್ರ ತಿಳಿದ ಮುದುಕಿ ಸೀರೆ ಮೊಣಕಾಲಿಗೆ ಎತ್ತಿಕೊಂಡು ಹೊರಗೆ ಓಡಿದಳು. ಅವಳನ್ನು ಹಿಡಿದು ತಂದು ಕೂರಿಸಿ, ನಮ್ಮಲ್ಲಿ ಕಡಿಯುವುದೆಂದರೆ ನೋಯುವುದು ಎಂದು ಡಾಕ್ಟರಿಗೆ ಹೇಳಿ, ಇವರ ಮಾತು ಅವಳಿಗೂ ಅವಳ ಮಾತು ಇವರಿಗೂ ತಿಳಿಸಿದವನು ನಾನು. ನನ್ನ ಹೆಸರು ಕಾಶೀರಾಮ, ಆ ದವಾಖಾನೆಯ ಕಂಪೌಂಡರ. ಅವತ್ತಿನಿಂದ ಔಷಧ ಕಲಸುವ ಕೆಲಸದ ಮೇಲೆ ಇನ್ನೊಂದು ಕೆಲಸ ಬಿತ್ತು. ಕನ್ನಡದಿಂದ ಕನ್ನಡಕ್ಕೆ ದುಭಾಷಿ. ಇಡೀ ಸರ್ಕಾರದಲ್ಲಿ ಇಂಥ ನೌಕರಿ ಇನ್ನೊಬ್ಬನಿಗೆ ಇದ್ದಿರಲಿಕ್ಕಿಲ್ಲ.

ಹೆಮ್ಮೆ ಪಡಲಿಲ್ಲ ಅಂದರೆ ಸುಳ್ಳಾದೀತು. ನಾನಿಲ್ಲದೆ ಡಾಕ್ಟರು ಮೂಕರು, ನಾನಿಲ್ಲದೆ ರೋಗಿಗಳು ಕಿವುಡರು. ನಾನು ಚಹಾ ಕುಡಿಯಲು ಹೋದರೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತ ಕೂತಿರುತ್ತಿದ್ದರು. ಹಾಗಾಗಿ ನಾನು ಚಹಾವನ್ನು ಸ್ವಲ್ಪ ನಿಧಾನವಾಗಿಯೇ ಕುಡಿಯುತ್ತಿದ್ದೆ.

ಇನ್ನು ಗೌಸೋದ್ದೀನನ ಮಾತು. ಅವನು ಭಾಲ್ಕಿಯ ಕಲಾಯಿಗಾರ. ಪ್ರತಿ ಗುರುವಾರ ಬೆಂಕಿ ಊದುವ ತಿದಿ, ತವರದ ಕಡ್ಡಿ, ನವಸಾಗರದ ಡಬ್ಬಿ ಹೊತ್ತುಕೊಂಡು ಬಸ್ಸಿನಲ್ಲಿ ಬಂದು ನಮ್ಮ ದವಾಖಾನೆಯ ಪಕ್ಕದ ಬೇವಿನ ಗಿಡದ ಕೆಳಗೆ ಕೂರುತ್ತಿದ್ದ. ಔರಾದದ ತಾಮ್ರದ ಪಾತ್ರೆಗಳೆಲ್ಲ ಅವನ ಮುಂದೆ ಸಾಲಾಗಿ ಬಂದು ಬೀಳುತ್ತಿದ್ದವು. ಪಾತ್ರೆ ಕಾಯಿಸಿ, ನವಸಾಗರದ ಪುಡಿ ಉದುರಿಸಿ, ಬಿಳಿ ಹೊಗೆಯಲ್ಲಿ ಕೆಮ್ಮುತ್ತ ಒಳಗಿನ ಕಿಲುಬನ್ನೆಲ್ಲ ಅರಳೆಯಿಂದ ಉಜ್ಜಿ, ತವರದ ಕಡ್ಡಿ ಮುಟ್ಟಿಸಿ ಗರಗರ ತಿರುವಿದನೆಂದರೆ ಕೆಂಪು ಪಾತ್ರೆಯ ಒಳಗೆಲ್ಲ ಬೆಳ್ಳಿಯಂಥ ಬಿಳುಪು. ಕೆಲಸದಲ್ಲಿ ಅವನನ್ನು ಮೀರಿಸುವವರು ಬೀದರದಲ್ಲೂ ಇರಲಿಲ್ಲ. ಕುಡಿಯುವುದರಲ್ಲಿ ಅವನ ಸರಿಸಮ ಒಬ್ಬನಿದ್ದ. ಅವನು ನಾನು.

ಸಂಜೆ ನಾಲ್ಕಕ್ಕೆ ನನ್ನ ಕೆಲಸ ಮುಗಿಯುತ್ತಿತ್ತು. ಅವನ ಕೊನೆಯ ಬಸ್ಸು ಆರಕ್ಕೆ. ನಡುವಿನ ಎರಡು ಗಂಟೆ ನಮ್ಮದು. ಊರ ಹೊರಗೆ ಮಕ್ಬೂಲನ ಛಪ್ಪರದಲ್ಲಿ ಇಪ್ಪೆ ಹೂವಿನ ದಾರೂ ಸಿಗುತ್ತಿತ್ತು. ಗಂಟಲಲ್ಲಿ ಇಳಿದರೆ ಕರುಳಿನ ತನಕ ಅದರ ದಾರಿ ಗೊತ್ತಾಗುವಂಥದ್ದು. ಅದನ್ನು ಕುಡಿಯುತ್ತ ಗೌಸೋದ್ದೀನ ಭಾಲ್ಕಿಯ ಸುದ್ದಿ ಹೇಳುವನು, ನಾನು ಔರಾದದ ಸುದ್ದಿ ಹೇಳುವೆನು. ಅವನು ನಕ್ಕರೆ ಛಪ್ಪರದ ಗುಬ್ಬಿಗಳು ಹಾರುತ್ತಿದ್ದವು. ವಾರದ ಉಳಿದ ಆರು ದಿನ ನನಗೆ ನೆನಪಿನಲ್ಲಿ ಉಳಿಯುವಂಥದ್ದೇನೂ ನಡೆಯುತ್ತಿರಲಿಲ್ಲ.

ಅಂಥ ಗೌಸೋದ್ದೀನ ಒಂದು ಗುರುವಾರ ತಿದಿ ಹೂಡದೆ, ಎದೆಗೂಡಿನ ಕೆಳಗೆ ಮುಷ್ಟಿ ಒತ್ತಿಕೊಂಡು ನೇರ ದವಾಖಾನೆಗೆ ಬಂದ.

"ಕಂಪೌಂಡರ್ ಸಾಬ್, ಇಲ್ಲಿ ಬೆಂಕಿ ಇಟ್ಟಂಗ ಆಗ್ಯಾದ್ರಿ. ಉಂಡ್ರೂ ಉರೀತದ, ಉಣಲಿಲ್ಲಂದ್ರೂ ಉರೀತದ."

ನಾನು ಡಾಕ್ಟರಿಗೆ ಹೇಳಿದೆ. ಅವರು ಅವನನ್ನು ಮಲಗಿಸಿ, ಒತ್ತಿ, ಬಡಿದು, ನಾಲಿಗೆ ನೋಡಿ, ಮಲದ ಬಣ್ಣ ಕೇಳಿದರು. ಕಪ್ಪು ಅಂದ. ಡಾಕ್ಟರ ಹುಬ್ಬು ಗಂಟಾಯಿತು. ಕುಡಿಯುತ್ತಾರೆಯೇ ಎಂದು ಕೇಳಿದರು. ಗೌಸೋದ್ದೀನ ನನ್ನ ಕಡೆ ನೋಡಿದ, ನಾನು ಔಷಧದ ಕಪಾಟಿನ ಕಡೆ ನೋಡಿದೆ. ಆಮೇಲೆ "ಹೂಂ ಸಾರ್, ಸ್ವಲ್ಪ" ಅಂದೆ.

ಡಾಕ್ಟರು ಒಳ್ಳೆಯ ಮನುಷ್ಯರು. ರೋಗಿಗೆ ರೋಗ ತಿಳಿಯಬೇಕು ಎಂಬುದು ಅವರ ಹಟ. ಕುರ್ಚಿ ಎಳೆದುಕೊಂಡು ಕೂತು ಶುರು ಮಾಡಿದರು. "ನೋಡಿ, ಜಠರದಲ್ಲಿ ಉತ್ಪತ್ತಿಯಾಗತಕ್ಕ ಆಮ್ಲ ಮಾಂಸವನ್ನೇ ಜೀರ್ಣಿಸತಕ್ಕಷ್ಟು ತೀಕ್ಷ್ಣವಾದದ್ದು. ಆದರೂ ಅದು ಜಠರವನ್ನೇ ಯಾಕೆ ಜೀರ್ಣಿಸಲ್ಲ? ಒಳಪದರ ಇದೆಯಲ್ಲ, ಅದು ಕಾಪಾಡುತ್ತೆ. ಆ ಪದರ ದಿನಾಲೂ ಸವೆಯುತ್ತೆ, ದಿನಾಲೂ ಹೊಸದಾಗುತ್ತೆ. ಹೊಸದಾಗೋದಕ್ಕೆ ಬೇಕಾದ್ದನ್ನೆಲ್ಲ ತರೋದು ರಕ್ತ. ಒಳಗೆ ನುಸುಳಿದ ಆಮ್ಲಾನ ತೊಳೆದು ಒಯ್ಯೋದೂ ರಕ್ತವೇ. ಮದ್ಯ ಬಿದ್ದಾಗ ಅಲ್ಲಿಯ ಸೂಕ್ಷ್ಮ ರಕ್ತನಾಳಗಳು ಕುಗ್ಗುತ್ತವೆ, ರಕ್ತ ನಿಂತುಹೋಗುತ್ತೆ. ಪದರ ಹಸಿವಿನಿಂದ ಸಾಯುತ್ತೆ. ಆಮೇಲೆ ಆಮ್ಲ ಗೋಡೆಯನ್ನೇ ತಿನ್ನುತ್ತೆ."

ಹೇಳಿ ಮುಗಿಸಿ ನನ್ನ ಕಡೆ ಕೈ ಮಾಡಿದರು. ಗೌಸೋದ್ದೀನ ಅಷ್ಟು ಹೊತ್ತು ಶುಕ್ರವಾರದ ಪ್ರವಚನ ಕೇಳುವವನ ಹಾಗೆ ತಲೆ ತಗ್ಗಿಸಿ ಕೂತಿದ್ದ. ಒಂದು ಶಬ್ದವೂ ಅವನೊಳಗೆ ಇಳಿದಿರಲಿಲ್ಲ. ಆಗ ನೋಡಿ, ನನ್ನ ಜಾಣತನವೆಲ್ಲ ಹೊರಗೆ ಬಂತು.

"ಗೌಸ್‌ಭಾಯಿ, ನಿಮ್ಮ ಹೊಟ್ಟಿಗೂ ಒಂದು ಕಲಾಯಿ ಅದ" ಅಂದೆ.

ಅವನು ತಟ್ಟನೆ ತಲೆ ಎತ್ತಿದ. "ಕಲಾಯಿ?"

"ಹೌದು. ನೀವು ಹಾಕಿದ್ದು ಆರು ತಿಂಗಳು ಬರ್ತದ. ಮ್ಯಾಲಿನವ ಹಾಕಿದ್ದು ದಿನಾ ಸವೀತದ, ದಿನಾ ಹೊಸಾದು ಆಗ್ತದ. ಅಲ್ಲಿ ಕಲಾಯಿಗಾರ ಅಂದ್ರ ರಕ್ತ. ಕೂದಲಿನಂಥ ಸಣ್ಣ ಸಣ್ಣ ಗಲ್ಲಿ ಹಿಡದು ಬರ್ತಾನ, ತವರ ಹಚ್ಚತಾನ, ಕಸ ತಗೊಂಡು ಹೋಗ್ತಾನ. ದಾರೂ ಬಿತ್ತು ಅಂದ್ರ ಗಲ್ಲಿ ಬಂದ್. ಕಲಾಯಿಗಾರ ಗಲ್ಲಿ ಬಾಯಾಗ ನಿಂತಿರ್ತಾನ, ಒಳಗ ಬರಂಗಿಲ್ಲ."

"ಅರೆ ಅಲ್ಲಾ! ಕಲಾಯಿ ಹೋದ ಭಾಂಡೇದಾಗ ಹುಣಸೀಹುಳಿ ಇಟ್ಟಂಗಾತಲ್ರಿ!" ಅಂದ ಗೌಸೋದ್ದೀನ. ಬಾಯಿ ತೆರೆದದ್ದು ಹಾಗೇ ಇತ್ತು. "ಕಿಲುಬು ಹಿಡೀತದ, ತೂತು ಬೀಳ್ತದ!"

"ಏನಂತಾರೆ?" ಅಂದರು ಡಾಕ್ಟರು.

"ಪೂರ್ತಿ ಅರ್ಥವಾಯಿತಂತೆ ಸಾರ್."

ಡಾಕ್ಟರ ಮುಖ ಅರಳಿತು. ಆ ಖುಷಿಯಲ್ಲೇ ಕೊನೆಯ ಮಾತು ಹೇಳಿದರು. "ಆದ್ದರಿಂದ ಮದ್ಯಪಾನವನ್ನು ಸಂಪೂರ್ಣ ವರ್ಜಿಸತಕ್ಕದ್ದು. ಒಂದು ತೊಟ್ಟೂ ಕೂಡದು. ಇದನ್ನ ಚೆನ್ನಾಗಿ ಹೇಳಿ."

ಗೌಸೋದ್ದೀನ ನನ್ನ ಬಾಯಿಯನ್ನೇ ನೋಡುತ್ತಿದ್ದ. ಹೊರಗೆ ಬೇವಿನ ಗಿಡದ ಕೆಳಗೆ ಅವನ ತಿದಿ ಬಿದ್ದಿತ್ತು. ಗಂಟೆ ಹತ್ತಾಗಿತ್ತು, ಗುರುವಾರ.

"ಖಾಲಿ ಹೊಟ್ಟಿ ಮ್ಯಾಲೆ ಕುಡೀಬ್ಯಾಡ ಅಂತಾರ" ಅಂದೆ.

ಹೇಳಿದ ಮರುಕ್ಷಣ ತಪ್ಪು ಮಾಡಿದೆ ಎಂದು ನನಗೇ ಗೊತ್ತಾಯಿತು. ಆದರೆ ಮನುಷ್ಯನಿಗೆ ಒಂದು ಗುಣ ಉಂಟು, ತಪ್ಪು ಮಾಡಿದ ಮೇಲೆ ಅದಕ್ಕೆ ನಾಲ್ಕು ಒಳ್ಳೆಯ ಕಾರಣ ಹುಡುಕುತ್ತಾನೆ. ನಾನೂ ಹುಡುಕಿದೆ. ಒಮ್ಮೆಲೇ ಬಿಡಿಸಿದರೆ ಕೈ ನಡುಗೀತು, ಕಲಾಯಿಗಾರನ ಕೈ ನಡುಗಿದರೆ ಗತಿ ಏನು? ಮೈಸೂರಿನವರ ಹೊಟ್ಟೆ ಬೇರೆ, ನಮ್ಮ ಹೊಟ್ಟೆ ಬೇರೆ. ಖಾಲಿ ಹೊಟ್ಟೆಯಲ್ಲಿ ಬೇಡ ಅನ್ನುವುದೂ ಒಂದು ಒಳ್ಳೆಯ ಮಾತೇ. ನನ್ನ ಹೊಟ್ಟೆಯೂ ಬೆಳಿಗ್ಗೆ ಉರಿಯುತ್ತಿತ್ತು. ಕಪಾಟಿನ ಸೋಡಾ ಪುಡಿ ನೆಕ್ಕಿ ಸುಮ್ಮನಿರುತ್ತಿದ್ದೆ, ಸತ್ತೇನೂ ಹೋಗಿರಲಿಲ್ಲ. ಕಾರಣಗಳೆಲ್ಲ ಜೋಡಿಸಿ ಇಟ್ಟ ಮೇಲೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಆದರೆ ಗೌಸೋದ್ದೀನ ಕೈಕಸುಬಿನ ಮನುಷ್ಯ. ಅರ್ಧ ಮಾತು ಸಿಕ್ಕರೆ ಉಳಿದರ್ಧ ತಾನೇ ಮಾಡಿ ಪೂರೈಸುತ್ತಾನೆ. ಮುಂದಿನ ಗುರುವಾರ ಛಪ್ಪರದಲ್ಲಿ ಕೂತವನು ಜೋಳಿಗೆಯಿಂದ ಒಂದು ಡಬ್ಬಿ ತೆಗೆದ. ಅದರ ತುಂಬ ಎಮ್ಮೆಯ ತುಪ್ಪ. ಮಕ್ಬೂಲನ ಒಲೆಯ ಮೇಲೆ ಅದನ್ನು ಬಿಸಿ ಮಾಡಿಸಿ ಗಟಗಟ ಕುಡಿದ. ಆಮೇಲೆ ಅಂಗಿ ಎತ್ತಿ, ಬಲಗೈಯನ್ನು ಹೊಟ್ಟೆಯ ಮೇಲೆ ಇಟ್ಟು, ಪಾತ್ರೆಗೆ ತವರ ಹಚ್ಚುವಾಗ ತಿರುವುತ್ತಾನಲ್ಲ, ಹಾಗೇ ಗರಗರ ತಿರುವಿದ.

"ಏನ್ ಮಾಡ್ಲಿಕ್ಕತ್ತೀರಿ?" ಅಂದೆ.

"ಕಲಾಯಿ ಹಾಕ್ಲಿಕ್ಕತ್ತೇನಿ. ಡಾಕ್ಟರ್ ಸಾಹೇಬ್ರು ಹೇಳ್ಯಾರಲ್ಲ, ಖಾಲಿ ಭಾಂಡೇದಾಗ ಹಾಕಬ್ಯಾಡ ಅಂತ. ಸುಮ್ಮ ಕೂಡ್ರಿ, ಆರ್ಲಿ."

ಪಾತ್ರೆ ಆರಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕಾದ. ಬೆರಳಿಂದ ಹೊಟ್ಟೆ ತಟ್ಟಿ ಸಪ್ಪಳ ಕೇಳಿದ. ತೃಪ್ತಿಯಾಯಿತು. ಆಮೇಲೆ ಎಂದಿನ ಎರಡರಷ್ಟು ಕುಡಿದ. ಹೊಸ ಕಲಾಯಿ ಬಿದ್ದ ಪಾತ್ರೆಯಲ್ಲಿ ಎಂಥ ಹುಳಿ ಇಟ್ಟರೂ ಏನೂ ಆಗುವುದಿಲ್ಲ ಎಂಬುದು ಅವನ ಮೂವತ್ತು ವರ್ಷದ ಅನುಭವ. ಅದನ್ನು ಸುಳ್ಳು ಅನ್ನಲು ನನಗೆಲ್ಲಿ ಬಾಯಿ?

"ನೀವೂ ಹಾಕ್ಕೋರಿ ಒಂದೀಟು" ಅಂದ. ನಾನೂ ಹಾಕಿಕೊಂಡೆ. ತುಪ್ಪ ಚೆನ್ನಾಗಿಯೇ ಇತ್ತು. ಆ ಮೇಲಿನ ಗುರುವಾರಗಳಲ್ಲಿ ತುಪ್ಪದ ಪಾಳಿ ನಾನೂ ಹೊತ್ತೆ. ನನ್ನ ಹೆಂಡತಿ ಕೌಸಲ್ಯಾಬಾಯಿ ತುಪ್ಪದ ಗಡಿಗೆ ಬರಿದಾಗುವುದನ್ನು ನೋಡಿ ಬೆಕ್ಕಿಗೆ ಹೊಡೆದಳು. ಪಾಪ, ಬೆಕ್ಕು.

ತುಪ್ಪದಿಂದಲೋ ಡಾಕ್ಟರು ಕೊಟ್ಟ ಪುಡಿಯಿಂದಲೋ, ಮೊದಮೊದಲು ಅವನ ಉರಿ ಇಳಿಯಿತು. ಡಾಕ್ಟರು ನನ್ನನ್ನು ಕೇಳಿದರು, "ಬಿಟ್ಟರಾ ಅವರು?"

"ಬಿಟ್ಟರು ಸಾರ್."

"ಪೂರ್ತಿ?"

"ತೊಟ್ಟೂ ಇಲ್ಲ ಸಾರ್."

ಅವರಿಗೆ ಎಷ್ಟು ಸಂತೋಷವಾಯಿತೆಂದರೆ, ಮನೆಗೆ ಬಂದವರ ಮುಂದೆಲ್ಲ ಅದನ್ನೇ ಹೇಳತೊಡಗಿದರು. ತಿಳಿಸಿ ಹೇಳಿದರೆ ಯಾರು ಬೇಕಾದರೂ ಬಿಡುತ್ತಾರೆ, ಕಾಶೀರಾಮರು ತಿಳಿಸುವ ರೀತಿ ನೋಡಬೇಕು ನೀವು. ಹೊಗಳಿಸಿಕೊಂಡು ನಾನು ನೆಲ ನೋಡುತ್ತ ನಿಲ್ಲುತ್ತಿದ್ದೆ. ಜನ ಅದನ್ನು ವಿನಯ ಅಂದುಕೊಂಡರು.

ನಾಲ್ಕು ತಿಂಗಳು ಹೀಗೆ ಕಳೆದವು. ದಸರೆಯ ಮುಂದೆ ಡಾಕ್ಟರು ತಮ್ಮ ಮನೆಯ ಪಾತ್ರೆಗಳಿಗೆ ಕಲಾಯಿ ಮಾಡಲು ಗೌಸೋದ್ದೀನನನ್ನೇ ಕರೆಸಿದರು. ತಮ್ಮ ಕೈಯಲ್ಲಿ ವಾಸಿಯಾದ ಮನುಷ್ಯನ ಕೈಯಿಂದ ತಮ್ಮ ಪಾತ್ರೆ ಬೆಳಗಲಿ ಎಂಬ ಪ್ರೀತಿ. ನಾನೂ ಅಂಗಳದಲ್ಲಿ ಇದ್ದೆ. ಗೌಸೋದ್ದೀನನ ಮುಖ ಬೂದಿಯ ಹಾಗಿತ್ತು. ಎರಡು ಪಾತ್ರೆ ಮುಗಿಸಿ ಮೂರನೆಯದನ್ನು ಇಕ್ಕಳದಲ್ಲಿ ಹಿಡಿದವನು ಅದನ್ನು ಬಿಟ್ಟ. ಬಗ್ಗಿ ವಾಂತಿ ಮಾಡಿದ. ಕರ್ರಗೆ, ಕಾಫಿಯ ಚರಟದ ಹಾಗೆ. ಹಿಂದೆಯೇ ಕೆಂಪು ರಕ್ತವೂ ಬಂತು. ಹಾಗೇ ಪಕ್ಕಕ್ಕೆ ಒರಗಿದ.

ಡಾಕ್ಟರು ಓಡಿ ಬಂದು ಅವನನ್ನು ಚಪ್ಪಟೆ ಮಲಗಿಸಿ ನಾಡಿ ಹಿಡಿದರು. ಅವರ ಮುಖದಲ್ಲಿ ಅಂಥ ಕಳವಳ ನಾನು ಹಿಂದೆ ನೋಡಿರಲಿಲ್ಲ.

"ಕುಡಿತ ಬಿಟ್ಟು ನಾಲ್ಕು ತಿಂಗಳಾಗಿದೆ. ಆದರೂ ಹೀಗೆ ಅಂದರೆ ಇದು ಹುಣ್ಣಿನದ್ದಲ್ಲ, ಒಳಗೆ ಗೆಡ್ಡೆ ಬೆಳೆದಿರಬೇಕು" ಅಂದರು. "ಬೀದರಿನಲ್ಲಿ ಇದಕ್ಕೆ ಆಗೋದಿಲ್ಲ. ಹೈದರಾಬಾದಿಗೇ ಒಯ್ಯಬೇಕು, ಆಪರೇಷನ್. ಅಷ್ಟು ದೂರ ತಡೀತಾರೋ ಇಲ್ಲವೋ. ಯಾವುದಕ್ಕೂ ಒಂದು ಸಲ ಕೇಳಿ ಕಾಶೀರಾಮ್, ಕುಡಿದು ಎಷ್ಟು ದಿನ ಆಯ್ತು?"

ನಾನು ಬಗ್ಗಿ ಕೇಳಿದೆ. ಗೌಸೋದ್ದೀನ ಕಣ್ಣು ಅರೆ ತೆರೆದ. "ನಿನ್ನಿ ಕುಡದೀನ್ರಿ. ದಿನಾ ಕುಡೀತೇನಿ. ಕಲಾಯಿ ಹಾಕ್ಕೊಂಡೇ ಕುಡದೀನಿ, ಸಾಹೇಬ್ರು ಹೇಳಿದಂಗೇ. ತಪ್ಪು ನಂದಲ್ಲ ಅಂತ ಹೇಳ್ರಿ ಕಂಪೌಂಡರ್ ಸಾಬ್. ಖಾಲಿ ಹೊಟ್ಟೀಲೆ ಒಮ್ಮಿನೂ ಕುಡದಿಲ್ಲ."

"ಏನಂತಾರೆ?" ಅಂದರು ಡಾಕ್ಟರು.

ಇಷ್ಟು ದಿನ ನಾಲಿಗೆಯ ಮೇಲೆ ಎರಡು ಕನ್ನಡ ಕುಣಿಸಿದವನು ನಾನು. ಅವತ್ತು ಒಂದೂ ಬರಲಿಲ್ಲ. ಹೇಳಿದರೆ ನೌಕರಿ ಹೋದೀತು, ಮಾನ ಹೋದೀತು. ಹೇಳದಿದ್ದರೆ ಹೈದರಾಬಾದಿನ ದಾರಿಯಲ್ಲಿ ಈ ಮನುಷ್ಯ ಹೋಗುತ್ತಾನೆ. ಅವನ ಬೆರಳುಗಳು ನನ್ನ ಧೋತರದ ಅಂಚು ಹಿಡಿದಿದ್ದವು. ನನ್ನನ್ನು ನಂಬಿ ಹಿಡಿದಿದ್ದವು.

"ನಿನ್ನೆ ಕುಡಿದಿದ್ದಾನೆ ಸಾರ್. ದಿನಾಲೂ ಕುಡಿದಿದ್ದಾನೆ. ತಮ್ಮ ಮಾತು ನಾನು ಅವನಿಗೆ ಹೇಳಲಿಲ್ಲ. ಖಾಲಿ ಹೊಟ್ಟೆಯಲ್ಲಿ ಬೇಡ ಅಂತಷ್ಟೇ ಹೇಳಿದೆ. ಬಿಟ್ಟ ಅಂತ ತಮಗೆ ಸುಳ್ಳು ಹೇಳಿದೆ. ನಾನೂ ಜೊತೆಗೆ ಕುಡಿದೆ" ಅಂದೆ. ತುಪ್ಪದ ಸಂಗತಿಯನ್ನೂ ಹೇಳಿದೆ.

ಡಾಕ್ಟರು ನನ್ನ ಮುಖ ನೋಡಿದರು. "ಪದರಕ್ಕೆ ಜೀವ ಬರೋದು ಹಿಂದಿನಿಂದ, ಗೋಡೆಯ ಒಳಗಿನಿಂದ. ತುಪ್ಪ ಮೇಲಿಂದ ಸವರಿದರೆ ಆ ರಕ್ತ ಬರುತ್ತಾ?" ಅಂದರು. ಆಮೇಲೆ, "ಹುಣ್ಣೇ ಆದರೆ ಬೀದರಿನಲ್ಲೇ ಆಗುತ್ತೆ. ತಾವು ದಯವಿಟ್ಟು ತಹಸೀಲ್ದಾರರ ಜೀಪು ತರಿಸುತ್ತೀರಾ?" ಅಂದರು. ಅಲ್ಲಿಯ ತನಕ ನನ್ನನ್ನು 'ನೀವು' ಅನ್ನುತ್ತಿದ್ದವರು. ಮೈಸೂರಿನವರಿಗೆ ಸಿಟ್ಟು ಏರಿದಷ್ಟೂ ಮರ್ಯಾದೆ ಏರುತ್ತದೆ ಎಂದು ನನಗೆ ಅವತ್ತು ಗೊತ್ತಾಯಿತು. ನಮ್ಮವರ ಹಾಗೆ ಎರಡು ಕೊಟ್ಟಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಜೀಪಿನಲ್ಲಿ ಅವನನ್ನು ಬೀದರದ ದೊಡ್ಡ ದವಾಖಾನೆಗೆ ಒಯ್ದೆವು. ಸಂತಪುರ ದಾಟುವ ತನಕ ಡಾಕ್ಟರು ಅವನ ನಾಡಿ ಬಿಡಲಿಲ್ಲ. ದಾರಿಯ ಒಂದೊಂದು ಗುಂಡಿಗೂ ನಾನು ಅವನ ತಲೆಯನ್ನು ತೊಡೆಯ ಮೇಲೆ ಬಿಗಿಯಾಗಿ ಹಿಡಿದೆ. ಅಳು ಬಂತು, ಅತ್ತೆ.

ಬದುಕಿದ. ರಕ್ತ ಕೊಟ್ಟರು, ಮೂರು ದಿನ ಬಾಯಿಗೆ ಹನಿ ನೀರೂ ಹಾಕದೆ ಇಟ್ಟರು. ನಾಲ್ಕನೆಯ ದಿನ ಹಾಲು ಇಳಿಯಿತು. ಭಾಲ್ಕಿಯಿಂದ ಅವನ ಹೆಂಡತಿ ಜಾಹೇದಾ ಬಂದಿದ್ದಳು. ನಾಲ್ಕು ದಿನದಿಂದ ಮಂಚದ ಕಾಲಿನ ಹತ್ತಿರ ನೆಲದ ಮೇಲೆ ಕೂತವಳು ಎದ್ದಿರಲಿಲ್ಲ. ನನ್ನನ್ನು ಮಾತ್ರ ತುಂಬ ಆದರದಿಂದ ಕಾಣುತ್ತಿದ್ದಳು. ಗಂಡನನ್ನು ಹೊತ್ತು ತಂದ ದೋಸ್ತ ಎಂದು ತಾನು ತಂದ ರೊಟ್ಟಿಯಲ್ಲಿ ಅರ್ಧ ನನಗೆ ಕೊಡುತ್ತಿದ್ದಳು. ನಾನು ತಿನ್ನುತ್ತಿದ್ದೆ. ನಾಚಿಕೆಗೆಟ್ಟವನಿಗೂ ಹಸಿವಾಗುತ್ತದೆ.

ಅವತ್ತು ಅಲ್ಲಿಯ ಹಿರಿಯ ಡಾಕ್ಟರು ಮುಜೀಬೋದ್ದೀನ ಸಾಹೇಬರು ಬಂದು ನಿಂತರು. ನಾನು ರೂಢಿಯಂತೆ ನಡುವೆ ಹೋಗಿ ನಿಂತು, ಗಂಟಲು ಸರಿಮಾಡಿಕೊಂಡು ಸಿದ್ಧನಾದೆ. ಅವರು ನನ್ನನ್ನು ದಾಟಿ ಜಾಹೇದಾಳ ಎದುರು ನಿಂತು, ಅವಳದೇ ಉರ್ದುದಲ್ಲಿ ನೇರವಾಗಿ ಹೇಳಿಬಿಟ್ಟರು. "ಬೇಟಿ, ಇನ್ನು ಒಂದು ಹನಿ ದಾರೂ ಇವನ ಹೊಟ್ಟೆಗೆ ಬೀಳಬಾರದು. ತುಂಬಿದ ಹೊಟ್ಟೆ, ಖಾಲಿ ಹೊಟ್ಟೆ ಅನ್ನುವ ಮಾತೇ ಇಲ್ಲ. ಬಿದ್ದರೆ ನಾನೂ ಉಳಿಸಲಾರೆ." ಹೇಳಿ ಹೋದರು. ದುಭಾಷಿಯ ಕೆಲಸ ಯಾರಿಗೂ ಬೇಕಾಗಲಿಲ್ಲ.

ಜಾಹೇದಾ ಗಂಡನ ಮುಖ ನೋಡಿದಳು. ಅವನು ನಿದ್ದೆಯಲ್ಲಿದ್ದ. ಆಮೇಲೆ ನನ್ನ ಕಡೆ ತಿರುಗಿದಳು.

"ಕಾಶೀರಾಮ್ ಭಾಯಿ, ಮೈಸೂರ ಡಾಕ್ಟರು ಬ್ಯಾರೇನೇ ಹೇಳಿದ್ರೇನು? ಮನೀಗೆ ಬಂದು ಇವರು ನನಗ ಖಾಲಿ ಹೊಟ್ಟೀಲೆ ಬ್ಯಾಡ ಅಂದಾರ ಅಂತಿದ್ರು. ನಾನೇ ದಿನಾ ತುಪ್ಪ ಕಾಸಿ ಕೊಟ್ಟೀನಿ. ನನ್ನ ಕೈಲೇ ಕೊಟ್ಟೀನಿ."

ಹೌದು, ಆ ಡಾಕ್ಟರು ಬೇರೆಯೇ ಹೇಳಿದ್ದರು ಅಂದರೆ ಮುಗಿಯುತ್ತಿತ್ತು. ಮೈಸೂರಿನವರು, ಹೊಸಬರು, ತಪ್ಪು ಹೇಳಿದರು ಅಂದರೆ ಯಾರು ಕೇಳಲು ಬರುತ್ತಿದ್ದರು? ಸುಳ್ಳು ತುದಿನಾಲಿಗೆಯ ತನಕ ಬಂದಿತ್ತು. ಆದರೆ ತುಪ್ಪ ಕಾಸಿದ ಆ ಕೈಗಳನ್ನು ಅವಳು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದಳು.

"ಅವರೂ ಇದೇ ಹೇಳಿದ್ರು. ಒಂದು ಹನೀನೂ ಬ್ಯಾಡ ಅಂದಿದ್ರು. ಬದಲಿ ಮಾಡಿ ಹೇಳಿದವ ನಾನು" ಅಂದೆ.

ಅವಳು ಬೈಯುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ ಎಂದು ಕಾದೆ. ಬೈದಿದ್ದರೆ ಕಾಲು ಹಿಡಿಯಲು ತಯಾರಾಗಿದ್ದೆ. ಅವಳು "ಯಾಕ?" ಎಂದಷ್ಟೇ ಕೇಳಿದಳು.

ಜೋಡಿಸಿಟ್ಟ ಕಾರಣಗಳು ನಾಲ್ಕೂ ಇದ್ದವು. ಕೈ ನಡುಗೀತು ಎಂಬುದು, ಮೈಸೂರಿನ ಹೊಟ್ಟೆ ಎಂಬುದು. ಒಂದೂ ಬಾಯಿಗೆ ಬರಲಿಲ್ಲ. ಬಂದದ್ದು ನಾನೇ ನನಗೆ ಅಲ್ಲಿಯ ತನಕ ಹೇಳಿಕೊಳ್ಳದ ಮಾತು.

"ಒಬ್ಬನೇ ಕುಡೀಲಿಕ್ಕೆ ನನಗ ಮನಸಾಗಲಿಲ್ಲ, ಬೆಹೆನ್."

ಜಾಹೇದಾ ಸೆರಗಿನಿಂದ ಗಂಡನ ಹಣೆಯ ಬೆವರು ಒರೆಸಿದಳು. ನನ್ನ ಮುಂದಿದ್ದ ಅರ್ಧ ರೊಟ್ಟಿಯನ್ನು ತೆಗೆದು ತನ್ನ ಗಂಟಿನಲ್ಲಿ ಕಟ್ಟಿದಳು. ಆಮೇಲೆ ನನ್ನ ಕಡೆ ನೋಡದೆ ಒಂದು ಮಾತು ಅಂದಳು. ಅಂದದ್ದು ಉರ್ದುದಲ್ಲಿ. ಒಂದಕ್ಷರ ಕೂಡಿಸದೆ, ಒಂದಕ್ಷರ ಕಳೆಯದೆ ನಿಮಗೆ ಕನ್ನಡದಲ್ಲಿ ಹೇಳುತ್ತೇನೆ.

"ಇನ್ನ ಮ್ಯಾಲೆ ಒಬ್ಬರೇ ಕುಡೀರಿ."